ಗ್ರಾನೈಟ್‌ನೊಳಗಿನ ಕಪ್ಪು ಉಂಡೆಗಳು: ಒಳಗೆ ಬಿದ್ದ ಕಲ್ಲಿನ ಚೂರುಗಳಾ, ಹೆಪ್ಪುಗಟ್ಟಿದ ಹನಿಗಳಾ?

ಶಿಲಾಪ್ರಿಯ

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಕೆಲವು ತಿಂಗಳಿಂದ ತಲೆಯಲ್ಲೇ ಕೂತಿದೆ. ಬೂದು ಬಣ್ಣದ ಗ್ರಾನೈಟ್ ಬಂಡೆಗಳ ಮೇಲೆ ನಡೆಯುವಾಗ ಅಲ್ಲಲ್ಲಿ ಕಪ್ಪು ಉಂಡೆಗಳು ಕಾಣುತ್ತವೆ ಅಲ್ವಾ, ಕೆಲವು ಮುಷ್ಟಿಯಷ್ಟು, ಕೆಲವು ದಿಂಬಿನಷ್ಟು, ಒಂದೆರಡು ಕಡೆ ನನಗಿಂತ ಉದ್ದದವೂ ಸಿಕ್ಕಿವೆ. ಗ್ರಾನೈಟ್ ಇನ್ನೂ ಕರಗಿದ ಮ್ಯಾಗ್ಮಾ ಆಗಿದ್ದಾಗ ಪಕ್ಕದ ಗೋಡೆಯಿಂದ ಬೇರೆ ಕಲ್ಲಿನ ಚೂರುಗಳು ಕಳಚಿ ಬಿದ್ದಿರಬೇಕು, ಅವೇ ಹಾಗೇ ಉಳಿದಿವೆ ಅಂದುಕೊಂಡಿದ್ದೆ.

ಹೋದ ವಾರ ನೋಡಿದ ಒಂದು ಉಂಡೆ ಈ ಲೆಕ್ಕವನ್ನೆಲ್ಲ ಕೆಡಿಸಿತು. ಅಲ್ಲಿನ ಗ್ರಾನೈಟ್‌ನಲ್ಲಿ ಬೆರಳಿನಷ್ಟು ಉದ್ದದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳಿವೆ. ಅಂಥದ್ದೇ ಒಂದು ಹರಳು ಅರ್ಧ ಗ್ರಾನೈಟ್‌ನಲ್ಲಿ, ಅರ್ಧ ಕಪ್ಪು ಉಂಡೆಯಲ್ಲಿ ಕೂತಿದೆ. ಹೊಸ್ತಿಲ ಮೇಲೆ ನಿಂತ ಹಾಗೆ! ಉಂಡೆಯ ನಡುವೆಯೂ ಅಂಥದ್ದೇ ಇನ್ನೊಂದಿದೆ. ಉಂಡೆ ಗಟ್ಟಿ ಕಲ್ಲಾಗಿದ್ದರೆ ಹರಳು ಒಳಗೆ ನುಗ್ಗಿದ್ದು ಹೇಗೆ? ಅಂಚು ಕೂಡ ಮುರಿದ ಕಲ್ಲಿನ ಹಾಗೆ ಚೂಪಾಗಿಲ್ಲ. ಸಣ್ಣ ಸಣ್ಣ ಅಲೆಗಳ ಹಾಗೆ ಒಳಗೂ ಹೊರಗೂ ಬಾಗಿದೆ.

ಎರಡು ಮ್ಯಾಗ್ಮಾ ಬೆರೆತು ಗ್ರಾನೈಟ್ ಆಗುತ್ತದೆ ಅಂತ ಎಲ್ಲೋ ಒಂದು ಸಾಲು ಓದಿದ ನೆನಪು. ಆದರೆ ಬೆರೆಯುವುದಾದರೆ ಪೂರ್ತಿ ಬೆರೆಯಬೇಕಲ್ಲ, ಉಂಡೆ ಯಾಕೆ ಉಳಿಯಬೇಕು? ತಿಳಿದವರು ಬಿಡಿಸಿ ಹೇಳಿ.

ಹರಳುಗಣ್ಣು

ನಿಮ್ಮ ಪ್ರಶ್ನೆಗೆ ಉತ್ತರ ಆ ಹೊಸ್ತಿಲ ಮೇಲಿನ ಹರಳಿನಲ್ಲೇ ಇದೆ. ಅದು ಗ್ರಾನೈಟ್ ಮ್ಯಾಗ್ಮಾದಲ್ಲಿ ಬೆಳೆದ ಹರಳು. ಕಪ್ಪು ಉಂಡೆಯೂ ಮೆತ್ತಗಿದ್ದ ಹೊತ್ತಿನಲ್ಲಿ ಅದರೊಳಗೆ ತೂರಿಕೊಂಡಿದೆ. ಅಂದರೆ ನೀವು ನೋಡಿದ್ದು ಕಲ್ಲಿನ ಚೂರಲ್ಲ, ಒಂದು ಮ್ಯಾಗ್ಮಾದೊಳಗೆ ಸಿಕ್ಕಿ ಹೆಪ್ಪುಗಟ್ಟಿದ ಇನ್ನೊಂದು ಮ್ಯಾಗ್ಮಾದ ಹನಿ. ಇವುಗಳನ್ನು ಎನ್‌ಕ್ಲೇವ್ ಅನ್ನುತ್ತಾರೆ.

ಕೆಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಭೂಮಿಯ ಹೊರಪದರದಲ್ಲಿ, ಕೆಲವು ಕಿಲೋಮೀಟರ್ ಆಳದಲ್ಲಿ, ಗ್ರಾನೈಟ್ ಮ್ಯಾಗ್ಮಾ ನಿಂತಿದೆ ಅಂದುಕೊಳ್ಳಿ. ಅದರ ಬಿಸಿ ಸುಮಾರು 700ರಿಂದ 850 ಡಿಗ್ರಿ ಸೆಲ್ಸಿಯಸ್. ಸಿಲಿಕಾ ಜಾಸ್ತಿ ಇರುವುದರಿಂದ ತುಂಬ ಅಂಟು, ಹರಿಯಲು ಒದ್ದಾಡುತ್ತದೆ. ಇನ್ನೂ ಕೆಳಗಿನ ಮ್ಯಾಂಟಲ್‌ನಿಂದ ಬಸಾಲ್ಟ್ ಮ್ಯಾಗ್ಮಾ ಮೇಲೇರಿ ಬಂದು ಇದಕ್ಕೆ ನುಗ್ಗುತ್ತದೆ. ಅದರ ಬಿಸಿ 1100ರಿಂದ 1200 ಡಿಗ್ರಿ. ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ, ತೂಕವೂ ಜಾಸ್ತಿ, ಗ್ರಾನೈಟ್ ಮ್ಯಾಗ್ಮಾಕ್ಕೆ ಹೋಲಿಸಿದರೆ ಸಾವಿರಾರು ಪಟ್ಟು ತೆಳು. ಎರಡೂ ಮುಖಾಮುಖಿಯಾದ ಕೂಡಲೇ ನಡೆಯುವುದು ಬಿಸಿಯ ಕೊಡು-ಕೊಳ್ಳುವಿಕೆ. ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದರೆ ಹೇಗೋ ಹಾಗೆ, ಬಸಾಲ್ಟ್‌ನ ಹನಿಗೆ ಸುತ್ತಲಿನ 800 ಡಿಗ್ರಿಯ ಗ್ರಾನೈಟ್ ಮ್ಯಾಗ್ಮಾ ಕೂಡ ತಣ್ಣನೆಯದೇ.

ಪೂರ್ತಿ ಬೆರೆಯದಿರುವುದಕ್ಕೂ ಕಾರಣ ಇಲ್ಲೇ ಇದೆ. ಬಿಸಿ ಬಹಳ ಬೇಗ ಹರಡುತ್ತದೆ, ಅಣುಗಳು ಬಹಳ ನಿಧಾನ. ಅಂದಾಜು ಲೆಕ್ಕ ಹಾಕಿ ನೋಡಿ: 10 ಸೆಂಟಿಮೀಟರ್ ಅಗಲದ ಹನಿ ತನ್ನ ಹೆಚ್ಚುವರಿ ಬಿಸಿಯನ್ನು ಒಂದೆರಡು ಗಂಟೆಯಲ್ಲಿ ಬಿಟ್ಟುಕೊಡುತ್ತದೆ, ಒಂದು ಮೀಟರ್ ಅಗಲದ್ದಕ್ಕೆ ಕೆಲವು ದಿನ ಸಾಕು. ಆದರೆ ಅದೇ 10 ಸೆಂಟಿಮೀಟರ್ ಹನಿಯ ಸಿಲಿಕಾ ಸುತ್ತಲಿನದರ ಜೊತೆ ಸಮವಾಗಬೇಕಾದರೆ ನೂರಾರು ವರ್ಷ ಬೇಕು. ಅಷ್ಟರೊಳಗೆ ಹನಿ ಹರಳುಗಟ್ಟಿ ಬಿಗಿಯಾಗಿರುತ್ತದೆ. ಬಿಗಿಯಾದ ಮೇಲೆ ಕಲಕಿದರೂ ಬೆರೆಯುವುದಿಲ್ಲ, ಉಂಡೆಯಾಗಿಯೇ ಉರುಳುತ್ತದೆ. ಹರಳುಗಳ ನಡುವೆ ಸ್ವಲ್ಪ ದ್ರವ ಉಳಿದಿರುವ ತನಕ ಹಿಗ್ಗಬಲ್ಲದು, ಬಾಗಬಲ್ಲದು. ಎಷ್ಟೋ ಉಂಡೆಗಳು ಒಂದೇ ದಿಕ್ಕಿಗೆ ಎಳೆದ ಹಾಗೆ ಉದ್ದವಾಗಿರುವುದು ಅದಕ್ಕೇ.

ಬೇಗ ತಣ್ಣಗಾದ ಗುರುತು ಉಂಡೆಯ ಮೈಯಲ್ಲೆಲ್ಲ ಇರುತ್ತದೆ. ಕಾಳುಗಳು ಗ್ರಾನೈಟ್‌ನ ಕಾಳುಗಳಿಗಿಂತ ಸಣ್ಣ, ಕೆಲವು ಉಂಡೆಗಳಲ್ಲಿ ಅಂಚಿಗೆ ಹೋದ ಹಾಗೆ ಇನ್ನೂ ಸಣ್ಣ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಪಟೈಟ್ ಖನಿಜ ಕೂದಲಿನಂಥ ಸೂಜಿಗಳಾಗಿ ಬೆಳೆದಿರುತ್ತದೆ. ನಿಧಾನಕ್ಕೆ ಬೆಳೆದ ಅಪಟೈಟ್ ಗಿಡ್ಡ, ದಪ್ಪ. ಸರಕ್ಕನೆ ತಣಿಸಿದರೆ ಸೂಜಿ ಬರುತ್ತದೆ ಅನ್ನುವುದನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಿದ್ದಾರೆ.

ನನಗೆ ತುಂಬ ಇಷ್ಟವಾದ ಗುರುತು ಬೇರೆ ಇದೆ. ಗ್ರಾನೈಟ್‌ನ ಕ್ವಾರ್ಟ್ಜ್ ಕಾಳು ಈ ಬಿಸಿ ಹನಿಯೊಳಗೆ ಬಿದ್ದಾಗ ಅದಕ್ಕೆ ಅಲ್ಲಿ ನೆಲೆಯಿಲ್ಲ, ಕರಗಲು ಶುರುವಾಗುತ್ತದೆ, ಮೂಲೆಗಳು ಸವೆದು ದುಂಡಗಾಗುತ್ತದೆ. ಆಗಲೇ ಅದರ ಸುತ್ತ ಹಾರ್ನ್‌ಬ್ಲೆಂಡ್ ಅಥವಾ ಪೈರಾಕ್ಸೀನ್ ಅನ್ನುವ ಕಡುಬಣ್ಣದ ಖನಿಜಗಳ ಪುಟ್ಟ ಹರಳುಗಳು ಒತ್ತೊತ್ತಾಗಿ ಮೂಡುತ್ತವೆ. ಕಪ್ಪು ಉಂಡೆಯ ನಡುವೆ ಬೂದು ಗಾಜಿನಂಥ ಒಂದು ಚುಕ್ಕೆ, ಅದಕ್ಕೊಂದು ಕಡುಹಸಿರು ಉಂಗುರ. ಕಣ್ಣಿನ ಪಾಪೆಯ ಹಾಗೆ ಕಾಣುತ್ತದೆ. ಬರಿಗಣ್ಣಿಗೂ ಸಿಗುತ್ತದೆ, ಹುಡುಕಿ ನೋಡಿ.

ಪದರುಗಲ್ಲು

ಹರಳುಗಣ್ಣು ಹೇಳಿದ್ದು ಸರಿ. ಆದರೆ ಒಂದು ಎಚ್ಚರಿಕೆ ಬೇಕು. ಇದನ್ನು ಓದಿದವರು ನಾಳೆ ಕಂಡ ಕಪ್ಪು ಮಚ್ಚೆಯನ್ನೆಲ್ಲ ಬಸಾಲ್ಟ್ ಹನಿ ಅಂದುಬಿಡಬಾರದು.

ಪಕ್ಕದ ಕಲ್ಲು ಕಳಚಿ ಬೀಳುವುದೂ ನಿಜವೇ. ಅಂಥ ಚೂರುಗಳಿಗೆ ಮೂಲೆ ಇರುತ್ತದೆ, ಒಳಗೆ ಹಳೆಯ ಪದರಗಳ ಗೆರೆ ಕಾಣುತ್ತದೆ, ಆ ಗೆರೆಗಳು ಅಂಚಿನಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತವೆ. ಇವು ಜಾಸ್ತಿ ಸಿಗುವುದು ಗ್ರಾನೈಟ್ ರಾಶಿಯ ಅಂಚಿನ ಹತ್ತಿರ. ಇನ್ನೊಂದು ಜಾತಿ ಇದೆ. ತೆಳ್ಳಗೆ, ಚಪ್ಪಟೆಯಾಗಿ, ಬಯೋಟೈಟ್ ಅಭ್ರಕದಿಂದ ಮಿಂಚುತ್ತಿರುತ್ತವೆ. ಕೆಲವದರಲ್ಲಿ ಗಾರ್ನೆಟ್ ಅಥವಾ ಸಿಲ್ಲಿಮನೈಟ್ ಕೂಡ ಇರುತ್ತದೆ. ಇವು ಆಳದಲ್ಲಿ ಜೇಡಿ ಬೆರೆತ ಹಳೆಯ ಕಲ್ಲು ಕರಗಿ ಮ್ಯಾಗ್ಮಾ ಆದಾಗ ಕರಗದೆ ಉಳಿದ ಚರಟ. ಅದೇ ಮ್ಯಾಗ್ಮಾದಲ್ಲಿ ಮೊದಲೇ ಹುಟ್ಟಿ ಗುಂಪುಗೂಡಿದ ಕಪ್ಪು ಹರಳುಗಳ ಗಂಟುಗಳೂ ಇರಬಹುದು.

ಈ ಚರಟದ ಮೇಲೆ ದೊಡ್ಡ ವಾದವೇ ನಡೆದಿದೆ. ಆಸ್ಟ್ರೇಲಿಯಾದ ಬ್ರೂಸ್ ಚಾಪೆಲ್ ಮತ್ತು ಆಲನ್ ವೈಟ್ 1974ರಲ್ಲಿ ಗ್ರಾನೈಟ್‌ಗಳನ್ನು ಅಗ್ನಿಶಿಲೆ ಕರಗಿ ಹುಟ್ಟಿದವು, ಕೆಸರುಶಿಲೆ ಕರಗಿ ಹುಟ್ಟಿದವು ಅಂತ ಎರಡು ಬಗೆ ಮಾಡಿದರು. ಕಪ್ಪು ಉಂಡೆಗಳಲ್ಲಿ ಬಹಳಷ್ಟು ಈ ಕರಗದ ಚರಟವೇ ಅನ್ನುವುದು ಅವರ ನಿಲುವಾಗಿತ್ತು. ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಎರಡು ಮ್ಯಾಗ್ಮಾ ಬೆರೆತರೆ ಸಿಲಿಕಾ ಒಂದು ಕಡೆ, ಕಬ್ಬಿಣವೋ ಕ್ಯಾಲ್ಸಿಯಮ್ಮೋ ಇನ್ನೊಂದು ಕಡೆ ಇಟ್ಟು ನಕ್ಷೆ ಬರೆದಾಗ ಚುಕ್ಕೆಗಳು ನೇರ ಗೆರೆಯ ಮೇಲೆ ಬೀಳುತ್ತವೆ, ಇದು ಬೆರಕೆಗೆ ಸಾಕ್ಷಿ ಅನ್ನುತ್ತಾರೆ. ಆದರೆ ಕರಗಿದ ರಸದಿಂದ ಚರಟ ಸ್ವಲ್ಪ ಸ್ವಲ್ಪವೇ ಬೇರೆಯಾಗುತ್ತಾ ಹೋದರೂ ಅದೇ ನೇರ ಗೆರೆ ಬರುತ್ತದೆ! ಹಾಗಾಗಿ ಬರೀ ನಕ್ಷೆ ನೋಡಿ ತೀರ್ಮಾನ ಮಾಡಬೇಡಿ.

ಹರಳುಗಣ್ಣು

ಒಪ್ಪಿದೆ, ನಕ್ಷೆ ಒಂದೇ ಸಾಲದು. ಆದರೆ ಶಿಲಾಪ್ರಿಯ ವಿವರಿಸಿದ ಉಂಡೆ ಚರಟ ಆಗಲಾರದು. ಚರಟ ಅನ್ನುವುದು ಆಳದಲ್ಲಿ ದೀರ್ಘಕಾಲ ಬೆಂದ ಕಲ್ಲು. ಅದರಲ್ಲಿ ಸರಕ್ಕನೆ ತಣಿದ ಸೂಜಿ ಅಪಟೈಟ್ ಯಾಕಿರಬೇಕು? ದ್ರವದಲ್ಲಿ ತೇಲುತ್ತಾ ಪದರ ಪದರವಾಗಿ ಬೆಳೆದ ಪ್ಲಾಜಿಯೋಕ್ಲೇಸ್ (ಫೆಲ್ಡ್‌ಸ್ಪಾರ್‌ನ ಇನ್ನೊಂದು ಬಗೆ) ಯಾಕಿರಬೇಕು? ಆಸ್ಟ್ರೇಲಿಯಾದವರೇ ಆದ ರಾನ್ ವರ್ನಾನ್ 1984ರಲ್ಲಿ ಈ ಸೂಕ್ಷ್ಮ ರಚನೆಗಳನ್ನೇ ಮುಂದಿಟ್ಟು, ಇವು ಬೆರಕೆ ಮ್ಯಾಗ್ಮಾದ ಹನಿಗಳು ಅಂತ ವಾದಿಸಿದರು. ಆಮೇಲೆ 2007ರಲ್ಲಿ ಬೇರೆ ಸಂಶೋಧಕರು, ಚಾಪೆಲ್ ಮತ್ತು ವೈಟ್ ಕೆಲಸ ಮಾಡಿದ ಅದೇ ಲ್ಯಾಕ್ಲನ್ ಪ್ರದೇಶದ ಗ್ರಾನೈಟ್‌ಗಳಲ್ಲಿ ಜಿರ್ಕಾನ್ ಹರಳುಗಳೊಳಗಿನ ಹ್ಯಾಫ್ನಿಯಂ ಮತ್ತು ಆಮ್ಲಜನಕದ ಐಸೋಟೋಪುಗಳನ್ನು (ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಅಳೆದರು. ಮ್ಯಾಂಟಲ್‌ನಿಂದ ಬಂದ ಮ್ಯಾಗ್ಮಾವೂ ಹಳೆಯ ಕೆಸರುಶಿಲೆಯ ಅಂಶವೂ ಸೇರಿಕೊಂಡಿರುವ ಗುರುತು ಸಿಕ್ಕಿತು. ಜಿರ್ಕಾನ್ ಹಟಮಾರಿ ಖನಿಜ, ಒಮ್ಮೆ ಬೆಳೆದ ಪದರವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಹಾಗಾಗಿ ಅದರ ಮಾತಿಗೆ ತೂಕ ಜಾಸ್ತಿ.

ಹೊಸ್ತಿಲ ಮೇಲಿನ ಹರಳಿನ ಬಗ್ಗೆಯೂ ಇನ್ನೊಂದು ಮಾತು. ಕಲ್ಲು ಗಟ್ಟಿಯಾದ ಮೇಲೆ, ಬಿಸಿ ದ್ರವಗಳು ಒಳಗೆ ಹರಿದು, ಗ್ರಾನೈಟ್‌ನಲ್ಲೂ ಉಂಡೆಯಲ್ಲೂ ಫೆಲ್ಡ್‌ಸ್ಪಾರ್ ಒಟ್ಟಿಗೆ ಬೆಳೆಯಿತು ಅಂತ ಹಿಂದೆ ಕೆಲವರು ನಂಬಿದ್ದರು. ಹಾಗಿದ್ದರೆ ಎರಡೂ ಕಡೆಯ ಹರಳುಗಳು ಒಂದೇ ಥರ ಇರಬೇಕಿತ್ತು. ಆದರೆ ಉಂಡೆಯೊಳಗಿನ ಹರಳು ಎಷ್ಟೋ ಸಲ ಅಂಚು ಕರಗಿ ದುಂಡಗಾಗಿರುತ್ತದೆ, ಮೇಲೆ ಬಿಳಿ ಪ್ಲಾಜಿಯೋಕ್ಲೇಸ್‌ನ ಹೊದಿಕೆ ಹೊದ್ದಿರುತ್ತದೆ. ಬಿಸಿ ಮ್ಯಾಗ್ಮಾಕ್ಕೆ ಬಿದ್ದು ನರಳಿದ ಹರಳು ಅದು.

ಶಿಲಾಪ್ರಿಯ

ಇಬ್ಬರಿಗೂ ತುಂಬ ಧನ್ಯವಾದ. ನನ್ನ ಉಂಡೆಯಲ್ಲಿ ಮೂಲೆಯೂ ಇಲ್ಲ, ಪದರದ ಗೆರೆಯೂ ಇಲ್ಲ. ಹಾಗಾಗಿ ಹನಿ ಅನ್ನುವುದನ್ನು ಒಪ್ಪಿಕೊಂಡೆ.

ಆದರೆ ಈಗ ದೊಡ್ಡ ಪ್ರಶ್ನೆ ಉಳಿಯಿತು. ಉಂಡೆ ಅಂದರೆ ಬೆರೆಯದೆ ಉಳಿದದ್ದು. ಹಾಗಾದರೆ ಬೆರೆತದ್ದು ಎಲ್ಲಿದೆ? ಉಂಡೆಯ ಸುತ್ತಲಿನ ಗ್ರಾನೈಟ್ ಕೂಡ ಬೆರಕೆಯೇ ಇರಬಹುದಾ?

ಅಗ್ನಿಶಿಲೆ

ಇರಬಹುದು, ಎಷ್ಟೋ ಕಡೆ ಹಾಗೇ ಇದೆ. ಅದು ನಿಂತಿರುವುದು ಯಾವ ಮ್ಯಾಗ್ಮಾ ಎಷ್ಟು ಪಾಲು ಬಂತು ಅನ್ನುವುದರ ಮೇಲೆ.

ಸರಳವಾಗಿ ಲೆಕ್ಕ ಹಾಕೋಣ. ಗ್ರಾನೈಟ್ ಮ್ಯಾಗ್ಮಾ 800 ಡಿಗ್ರಿ, ಬಸಾಲ್ಟ್ 1150 ಡಿಗ್ರಿ ಇರಲಿ. ಹತ್ತರಲ್ಲಿ ಒಂದು ಪಾಲು ಮಾತ್ರ ಬಸಾಲ್ಟ್ ಬಂದರೆ ಎಲ್ಲ ಸೇರಿ ಸುಮಾರು 835 ಡಿಗ್ರಿಗೆ ನಿಲ್ಲುತ್ತದೆ. ಅಷ್ಟು ಬಿಸಿಯಲ್ಲಿ ಬಸಾಲ್ಟ್ ಬಹುತೇಕ ಹರಳುಗಟ್ಟಿರುತ್ತದೆ. ಅದೇ ಅರ್ಧಕ್ಕೆ ಅರ್ಧ ಬಂದರೆ 975 ಡಿಗ್ರಿ. ಹರಳುಗಟ್ಟುವಾಗ ಹೊರಬರುವ ಬಿಸಿಯನ್ನು ಸೇರಿಸಿದರೆ ಇನ್ನೂ ಜಾಸ್ತಿ. ಈಗ ಬಸಾಲ್ಟ್ ಪೂರ್ತಿ ಬಿಗಿದಿಲ್ಲ, ಇತ್ತ ಗ್ರಾನೈಟ್ ಮ್ಯಾಗ್ಮಾ ಇನ್ನಷ್ಟು ಕಾದು ತೆಳುವಾಗಿದೆ. ಎರಡೂ ಹರಿಯುವ ಸ್ಥಿತಿಯಲ್ಲಿವೆ, ಅಂಟಿನ ವ್ಯತ್ಯಾಸವೂ ಕಮ್ಮಿ. ಆಗ ಎಳೆ ಎಳೆಯಾಗಿ ಹಿಗ್ಗಿ, ಮಡಚಿಕೊಂಡು, ಮತ್ತೆ ಹಿಗ್ಗಿ, ಎಳೆಗಳು ಕೂದಲಿನಷ್ಟು ತೆಳ್ಳಗಾದಾಗ ಅಣುಗಳ ನಿಧಾನದ ನಡಿಗೆಯೂ ಸಾಕಾಗುತ್ತದೆ. ನೂರಾರು ವರ್ಷದ ಕೆಲಸ ಬೇಗ ಮುಗಿಯುತ್ತದೆ, ಯಾಕೆಂದರೆ ದಾಟಬೇಕಾದ ದೂರವೇ ಕಡಿಮೆ.

ಹೀಗೆ ಬೆರೆತದ್ದು ಏನಾಗುತ್ತದೆ? ಬಸಾಲ್ಟ್‌ನಲ್ಲಿ ಸಿಲಿಕಾ ನೂರರಲ್ಲಿ ಸುಮಾರು 50 ಪಾಲು, ಗ್ರಾನೈಟ್‌ನಲ್ಲಿ ಸುಮಾರು 72 ಪಾಲು. ಸಮ ಸಮ ಬೆರೆತರೆ 61. ಅದು ಗ್ರಾನೈಟ್‌ನ ನಂಟಿನ ಕಲ್ಲುಗಳಾದ ಟೋನಲೈಟ್, ಗ್ರಾನೊಡಯೊರೈಟ್‌ಗಳ ಹತ್ತಿರದ ಅಂಕಿ. ಇನ್ನೂ ಒಂದು ಮುಖ್ಯ ವಿಷಯ: ಕಪ್ಪು ಉಂಡೆ ಕೂಡ ಶುದ್ಧ ಬಸಾಲ್ಟ್ ಆಗಿರುವುದು ಅಪರೂಪ. ಉಂಡೆಯಲ್ಲಿ ಸಿಲಿಕಾ 58 ಇದ್ದರೆ ಅದರಲ್ಲಿ ಆಗಲೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಗ್ರಾನೈಟ್ ರಸ ಸೇರಿದೆ ಅಂತ ಅರ್ಥ. ಎರಡು ಮ್ಯಾಗ್ಮಾ ತಾಗುವ ಕಡೆ ಒಂದು ಬೆರಕೆ ಪದರ ಹುಟ್ಟುತ್ತದೆ, ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್ ಹರಳುಗಳು ಅದರೊಳಗೆ ಸೇರುತ್ತವೆ, ಆಮೇಲೆ ಆ ಪದರವೇ ಒಡೆದು ಹನಿಗಳಾಗಿ ಗ್ರಾನೈಟ್ ಮ್ಯಾಗ್ಮಾದಲ್ಲಿ ಚದುರುತ್ತದೆ. ಹನಿಯಾದ ಮೇಲೂ ಪೊಟ್ಯಾಸಿಯಂ, ನೀರು ಒಳಗೆ ಇಳಿಯುತ್ತಲೇ ಇರುತ್ತವೆ. ಪೈರಾಕ್ಸೀನ್ ಹೋಗಿ ಹಾರ್ನ್‌ಬ್ಲೆಂಡ್, ಬಯೋಟೈಟ್ ಬರುತ್ತವೆ. ಸ್ಟ್ರಾನ್ಷಿಯಂ ಐಸೋಟೋಪುಗಳು ಎಷ್ಟೋ ಉಂಡೆಗಳಲ್ಲಿ ಸುತ್ತಲಿನ ಗ್ರಾನೈಟ್‌ಗೆ ಹತ್ತಿರ ಹತ್ತಿರವೇ ಬಂದುಬಿಟ್ಟಿರುತ್ತವೆ. ಹಾಗಾಗಿ ಉಂಡೆಯ ಐಸೋಟೋಪು ಗ್ರಾನೈಟ್‌ನದರ ಹಾಗೇ ಇದೆ, ಆದ್ದರಿಂದ ಎರಡಕ್ಕೂ ಮೂಲ ಒಂದೇ ಅನ್ನುವ ವಾದ ನಿಲ್ಲುವುದಿಲ್ಲ.

ಇದನ್ನು ಜನ ಒಪ್ಪಿಕೊಳ್ಳಲು ಎಷ್ಟು ಕಾಲ ಹಿಡಿಯಿತು ಗೊತ್ತಾ? ರಾಬರ್ಟ್ ಬುನ್ಸೆನ್, ಪ್ರಯೋಗಶಾಲೆಯ ಬರ್ನರ್‌ಗೆ ಯಾರ ಹೆಸರಿದೆಯೋ ಅವರೇ, 1846ರಲ್ಲಿ ಐಸ್‌ಲ್ಯಾಂಡ್‌ಗೆ ಹೋಗಿ ಅಲ್ಲಿನ ಕಲ್ಲುಗಳನ್ನು ತಂದು ವಿಶ್ಲೇಷಿಸಿದರು. 1851ರಲ್ಲಿ, ಈ ನಡುವಿನ ಬಗೆಯ ಕಲ್ಲುಗಳೆಲ್ಲ ಎರಡು ಮೂಲ ಮ್ಯಾಗ್ಮಾಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ಆದವು ಅಂತ ಬರೆದರು. ಆಮೇಲೆ 20ನೇ ಶತಮಾನದಲ್ಲಿ ನಾರ್ಮನ್ ಬೋವೆನ್ ಅವರ ವಿಚಾರ ಗೆದ್ದಿತು: ಒಂದೇ ಮ್ಯಾಗ್ಮಾದಿಂದ ಹರಳುಗಳು ಒಂದೊಂದಾಗಿ ಬೇರೆಯಾಗುತ್ತಾ ಹೋದರೆ ಬಾಕಿ ರಸ ಬದಲಾಗುತ್ತದೆ ಅನ್ನುವುದು. ಅದು ತಪ್ಪಲ್ಲ, ಇವತ್ತಿಗೂ ನಿಜ. ಆದರೆ ಅದರ ಬಿರುಸಿನಲ್ಲಿ ಬೆರಕೆಯ ವಿಚಾರ ಮೂಲೆಗೆ ಸರಿಯಿತು. ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಗಾರ್ಡಿನರ್ ನದಿಯ ದಡದಲ್ಲಿ ಬಸಾಲ್ಟ್ ಮತ್ತು ರಯೋಲೈಟ್ (ಗ್ರಾನೈಟ್‌ನಂಥ ಮ್ಯಾಗ್ಮಾ ಮೇಲೆ ಉಕ್ಕಿ ತಣಿದಾಗ ಆಗುವ ಕಲ್ಲು) ಹೆಣೆದುಕೊಂಡಿವೆ. 1938ರಲ್ಲಿ ಫೆನ್ನರ್, ಗಟ್ಟಿಯಾಗಿದ್ದ ಬಸಾಲ್ಟನ್ನು ರಯೋಲೈಟ್ ತಿಂದುಹಾಕಿದೆ ಅಂದರು. 1944ರಲ್ಲಿ ವಿಲ್ಕಾಕ್ಸ್ ಅದೇ ಜಾಗ ನೋಡಿ, ಇಲ್ಲ, ಎರಡೂ ದ್ರವವಾಗಿದ್ದಾಗಲೇ ಸೇರಿವೆ ಅಂದರು. 1953ರಲ್ಲಿ ವೇಜರ್ ಮತ್ತು ಬೇಲಿ, ಬಸಾಲ್ಟ್‌ನ ಅಂಚು ಗ್ರಾನೈಟ್ ಎದುರು ಸರಕ್ಕನೆ ತಣಿದಿದೆ, ಆ ಗ್ರಾನೈಟ್ ಆಗ ದ್ರವವಾಗಿತ್ತು ಅಂತ ತೋರಿಸಿಕೊಟ್ಟರು. ಬುನ್ಸೆನ್ ಬರೆದು ನೂರು ವರ್ಷ ದಾಟಿತ್ತು ಆಗ!

ಜ್ವಾಲಾಮುಖಿಗಳು ಇದನ್ನು ಇನ್ನೂ ಸ್ಪಷ್ಟ ಮಾಡಿದವು. ಕ್ಯಾಲಿಫೋರ್ನಿಯಾದ ಲಾಸೆನ್ ಶಿಖರ 1915ರಲ್ಲಿ ಸಿಡಿದಾಗ ಬಿಳಿ-ಕಪ್ಪು ಪಟ್ಟೆಗಳ ಪ್ಯೂಮಿಸ್ ಕಲ್ಲು ಉಗುಳಿತು, ಎರಡು ಮ್ಯಾಗ್ಮಾಗಳನ್ನು ಕಲಕುತ್ತಿರುವಾಗಲೇ ನಿಲ್ಲಿಸಿದ ಹಾಗೆ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿಯುವ ಮುಂಚೆ ಬಸಾಲ್ಟ್ ಮ್ಯಾಗ್ಮಾ ಕೆಳಗಿನಿಂದ, ಸಿಲಿಕಾ ಜಾಸ್ತಿ ಇರುವ ಡಾಸೈಟ್ ಮ್ಯಾಗ್ಮಾಕ್ಕೆ ನುಗ್ಗಿತ್ತು. ಅದೇ ಕೆಲಸ ಮೇಲೆ ಸಿಡಿಯದೆ ಆಳದಲ್ಲೇ ಉಳಿದು ತಣಿದರೆ ನಿಮ್ಮ ಬಂಡೆ ಸಿಗುತ್ತದೆ.

ಪದರುಗಲ್ಲು

ಅಗ್ನಿಶಿಲೆ ಹೇಳಿದ್ದಕ್ಕೆ ಒಂದು ಜಾಗ ಸೇರಿಸುತ್ತೇನೆ. ಅಮೆರಿಕದ ಮೇನ್ ರಾಜ್ಯದ ವಿನಲ್‌ಹೇವನ್ ದ್ವೀಪದಲ್ಲಿ ಮ್ಯಾಗ್ಮಾ ಕೋಣೆಯ ನೆಲವೇ ಬಯಲಾಗಿದೆ. ಬಸಾಲ್ಟ್ ಮತ್ತೆ ಮತ್ತೆ ನುಗ್ಗಿ, ಭಾರಕ್ಕೆ ಕೆಳಗೆ ಹರಡಿ, ದಿಂಬಿನಾಕಾರದ ಉಂಡೆಗಳ ಹಾಸಾಗಿದೆ. ಆ ಹಾಸಿನ ಭಾರಕ್ಕೆ ಅಡಿಯಲ್ಲಿದ್ದ ಹಗುರವಾದ ಗ್ರಾನೈಟ್ ಕೆಸರು ಕೊಳವೆಗಳ ಹಾಗೆ ಮೇಲಕ್ಕೆ ಉಕ್ಕಿದೆ. ಕೊಳವೆ ಯಾವ ಕಡೆ ಏರಿದೆ ನೋಡಿದರೆ ಆಗ ಮೇಲು ಯಾವುದು, ಕೆಳಗು ಯಾವುದು ಅಂತ ಗೊತ್ತಾಗುತ್ತದೆ.

ಬಸಾಲ್ಟ್ ತಡವಾಗಿ ಬಂದರೆ ಬೇರೆಯೇ ಗುರುತು. ಗ್ರಾನೈಟ್ ಅರೆಗಟ್ಟಿಯಾಗಿ ಬಿರುಕು ಬಿಡುವಷ್ಟಾಗಿರುತ್ತದೆ. ಬಸಾಲ್ಟ್ ಆ ಬಿರುಕಿನಲ್ಲಿ ಗೋಡೆಯ ಹಾಗೆ ಏರುತ್ತದೆ. ಗ್ರಾನೈಟ್ ಮತ್ತೆ ಅಲುಗಿದಾಗ ಆ ಗೋಡೆ ತುಂಡಾಗುತ್ತದೆ, ತುಂಡುಗಳ ನಡುವೆ ಬಿಳಿ ಗ್ರಾನೈಟ್ ರಸ ನರಗಳ ಹಾಗೆ ತೂರುತ್ತದೆ. ಸಾಲಾಗಿ ನಿಂತ ಉಂಡೆಗಳು ಕಂಡರೆ ಇದನ್ನು ನೆನಪಿಸಿಕೊಳ್ಳಿ. ಕುಯ್ದ ಒಂದೇ ಮುಖ ನೋಡಿ ಆಕಾರ ಹೇಳಬೇಡಿ, ಚಪ್ಪಟೆ ಉಂಡೆಯೂ ಒಂದು ಕಡೆಯಿಂದ ದುಂಡಗೇ ಕಾಣುತ್ತದೆ.

ಶಿಲಾಪ್ರಿಯ

ನಿನ್ನೆ ಭೂತಗನ್ನಡಿ ಹಿಡಿದು ಅದೇ ಬಂಡೆಗೆ ಹೋಗಿದ್ದೆ. ಹಸಿರು ಉಂಗುರದ ಕ್ವಾರ್ಟ್ಜ್ ಸಿಕ್ಕಿತು! ಒಂದಲ್ಲ, ಒಂದೇ ಉಂಡೆಯಲ್ಲಿ ನಾಲ್ಕು. ಉಂಡೆಯ ನಡುವಿನ ಗುಲಾಬಿ ಹರಳಿಗೆ ಬಿಳಿ ಹೊದಿಕೆಯೂ ಇದೆ. ಹೊಸ್ತಿಲ ಮೇಲಿನ ಹರಳಿನಲ್ಲಿ ಉಂಡೆಯೊಳಗಿನ ಅರ್ಧಕ್ಕೆ ಮಾತ್ರ ಆ ಹೊದಿಕೆ ಇದೆ, ಗ್ರಾನೈಟ್ ಕಡೆಯ ಅರ್ಧಕ್ಕೆ ಇಲ್ಲ. ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತೆ.

ಇನ್ನೊಂದು ಕಂಡಿತು. ಬೂದು-ಕಪ್ಪು ಉಂಡೆಯೊಂದರ ಒಳಗೆ ಇನ್ನೂ ಕಡುಕಪ್ಪಾದ, ಇನ್ನೂ ಸಣ್ಣ ಕಾಳಿನ ಪುಟ್ಟ ಉಂಡೆ. ಉಂಡೆಯೊಳಗೆ ಉಂಡೆ. ಇದೇನು?

ಅಗ್ನಿಶಿಲೆ

ಜೋಡಿ ಎನ್‌ಕ್ಲೇವ್! ಒಳಗಿನದು ಮೊದಲು ಹೆಪ್ಪುಗಟ್ಟಿದ್ದು. ಬಸಾಲ್ಟ್ ಹನಿ ಮೊದಲು ಒಂದು ಬೆರಕೆ ಮ್ಯಾಗ್ಮಾದಲ್ಲಿ ಬಿಗಿದಿದೆ, ಆಮೇಲೆ ಆ ಬೆರಕೆಯೇ ಹನಿಯಾಗಿ ಒಡೆದು ಗ್ರಾನೈಟ್‌ಗೆ ಸೇರಿದೆ. ಅಂದರೆ ನಿಮ್ಮ ಬಂಡೆಯಲ್ಲಿ ಬೆರಕೆ ಕಮ್ಮಿಯೆಂದರೆ ಎರಡು ಸಲ ನಡೆದಿದೆ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಟ್ಟು ಫೋಟೋ ಹಾಕಿ, ಒಳಗಿನ ಉಂಡೆಯಲ್ಲೂ ಗುಲಾಬಿ ಹರಳು ಇದೆಯಾ ನೋಡಬೇಕು.